ಹವಳಕ್ಕೆ ಗೊತ್ತಾಗದಂತೆ ಮನೆ ಬದಲಿಸುವುದು

ಎರಡಡಿ ಉದ್ದದ ಗಾಜಿನ ಟ್ಯಾಂಕಿನಲ್ಲಿ ಹವಳಗಳ ಜಗಳ ಶುರುವಾಗುವುದು ದೀಪ ಆರಿದ ಮೇಲೆ. ಹಗಲೆಲ್ಲ ಪಕ್ಕಪಕ್ಕದಲ್ಲಿ ಸಾಧುವಾಗಿ ಅರಳಿ ಕೂತಿದ್ದ ಯೂಫಿಲಿಯಾ, ಗ್ಯಾಲಾಕ್ಸಿಯಾ ಜಾತಿಯ ಹವಳಗಳು ಕತ್ತಲಾದ ಬಳಿಕ ತೆಳ್ಳನೆಯ ಉದ್ದ ಎಳೆಗಳನ್ನು ಹೊರಬಿಡುತ್ತವೆ. ಎಳೆಯ ತುದಿಯಲ್ಲಿ ಕುಟುಕುವ ಕೋಶಗಳು ಒತ್ತೊತ್ತಾಗಿ ತುಂಬಿರುತ್ತವೆ. ಗ್ಯಾಲಾಕ್ಸಿಯಾದ ಎಳೆ ಒಂದು ಗೇಣನ್ನೂ ಮೀರಿ ಚಾಚಬಲ್ಲದು. ನೀರಿನ ಸೆಳವು ಎಳೆದತ್ತ ಓಲಾಡುತ್ತಾ ಅದು ನೆರೆಯ ಹವಳಕ್ಕೆ ತಾಗಿದರೆ, ತಾಗಿದ ಜಾಗದ ಮಾಂಸ ಕರಗಿಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಎಳೆಗಳೆಲ್ಲ ಒಳಗೆ. ಉಳಿಯುವುದು ನೆರೆಯ ಮೈಮೇಲೆ ಕಾಸಿನಗಲದ ಬಿಳಿ ಗಾಯ, ಅದರ ನಡುವೆ ಇಣುಕುವ ಸುಣ್ಣದ ಅಸ್ಥಿ.

ಕೊಂಡು ತಂದಾಗ ಇವೆಲ್ಲ ಹೆಬ್ಬೆರಳ ಗಾತ್ರದ ತುಂಡುಗಳು. ನೀರು ಹದವಾಗಿದ್ದರೆ ಎರಡು ಮೂರು ವರ್ಷಗಳಲ್ಲಿ ಒಂದೊಂದೂ ಅಂಗೈ ತುಂಬುವಷ್ಟಾಗುತ್ತದೆ, ಮೇಲಿನದರ ನೆರಳು ಕೆಳಗಿನದರ ಮೇಲೆ ಬೀಳುತ್ತದೆ. ಆಗ ಸಾಕುವವರ ಮುಂದೆ ಎರಡೇ ದಾರಿ: ಕತ್ತರಿಸಿ ಹಂಚುವುದು, ಇಲ್ಲವೇ ದೊಡ್ಡ ಟ್ಯಾಂಕ್ ಕಟ್ಟಿ ಎಲ್ಲವನ್ನೂ ಅಲ್ಲಿಗೆ ಒಯ್ಯುವುದು. ಹೊರಗಿನಿಂದ ನೋಡುವವರಿಗೆ ಎರಡನೆಯದು ದುಡ್ಡಿರುವವರ ಶೋಕಿಯಂತೆ ಕಾಣುತ್ತದೆ. ದುಡ್ಡು ಬೇಕು, ಸುಳ್ಳಲ್ಲ. ಆದರೆ ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಕೊಳಾಯಿ ಕೆಲಸದವರ ಜಾಣತನವಿದೆ, ಔಷಧ ಅಂಗಡಿಯವರ ಅಳತೆಯಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಯುವ ಶಕ್ತಿಯಿದೆ. ಈ ಕಸುಬಿನ ಗುರಿಯೇ ವಿಚಿತ್ರ: ಮನೆ ಬದಲಾಗಬೇಕು, ಒಳಗಿದ್ದವರಿಗೆ ಅದು ಗೊತ್ತೇ ಆಗಬಾರದು.

ಗೊತ್ತಾದರೆ ಏನಾಗುತ್ತದೆ ಎನ್ನುವುದಕ್ಕೆ ಹವಳದ ಮೈಯೊಳಗೆ ಇಣುಕಬೇಕು. ಹವಳ ಪ್ರಾಣಿ. ಆದರೆ ಅದರ ಅಂಗಾಂಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಲಕ್ಷಗಟ್ಟಲೆ ನೆಲೆಸಿವೆ. ಬೆಳಕಿನಿಂದ ಅವು ಸಕ್ಕರೆ ತಯಾರಿಸುತ್ತವೆ, ಅದರ ಬಹುಪಾಲನ್ನು ಮನೆಯ ಒಡೆಯನಿಗೆ ಕೊಡುತ್ತವೆ. ಅನೇಕ ಹವಳಗಳಿಗೆ ಬೇಕಾದ ಶಕ್ತಿಯ ಶೇಕಡಾ 90ರಷ್ಟು ಬರುವುದು ಈ ಬಾಡಿಗೆಯಿಂದಲೇ. ಆ ಶಕ್ತಿಯಿಂದ ಹವಳ ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೆಕ್ಕಿ ಸುಣ್ಣಕಲ್ಲಿನ ಅಸ್ಥಿ ಕಟ್ಟುತ್ತದೆ. ನೀರಿನ ಬಿಸಿ ತನಗೆ ರೂಢಿಯಾದ ಬೇಸಿಗೆಯ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಏರಿ ಕೆಲ ವಾರ ಹಾಗೆಯೇ ನಿಂತರೆ ಈ ಒಪ್ಪಂದ ಮುರಿದುಬೀಳುತ್ತದೆ: ಪಾಚಿ ಹೊರಬೀಳುತ್ತದೆ, ಹವಳ ಬಿಳಿಚುತ್ತದೆ. ಬೆಳಕು ಒಮ್ಮೆಗೇ ಹೆಚ್ಚಾದರೂ, ಉಪ್ಪಿನಂಶ ಏರುಪೇರಾದರೂ ಮುನಿಸು ಇಂಥದೇ. ಬೇರೆಡೆಗೆ ಓಡಿಹೋಗಲು ಹವಳಕ್ಕೆ ಕಾಲಿಲ್ಲ.

ಇಂಥ ಜೀವವನ್ನು ಮನೆಯೊಳಗೆ ಬದುಕಿಸುವ ಹಟ ಹಳೆಯದು. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬಾಕೆ ಟಾರ್ಕಿಯ ಕಡಲತೀರದಿಂದ ಗಟ್ಟಿ ಹವಳಗಳನ್ನು ಲಂಡನ್ನಿಗೆ ಒಯ್ದರು. ನೀರಿಗೆ ಗಾಳಿ ಬೆರೆಸಲು ಪಂಪು ಎಲ್ಲಿತ್ತು? ತೆರೆದ ಕಿಟಕಿಯ ಬಳಿ ಮನೆಗೆಲಸದಾಕೆ ಪಾತ್ರೆಯಿಂದ ಪಾತ್ರೆಗೆ ಆ ನೀರನ್ನು ಸುರಿಯುತ್ತಿದ್ದಳು. ಹೊಗಳಿಕೆಯ ಅರ್ಧ ಪಾಲು ಆಕೆಗೆ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಆಕೆಯ ಹೆಸರು ಎಲ್ಲೂ ಕಾಣುವುದಿಲ್ಲ. ಮುಂದೆ ಆನಾ ಥಿನ್ ಪಾತ್ರೆಯೊಳಗೆ ಕಡಲಸಸ್ಯಗಳನ್ನೂ ಇಟ್ಟರು. ಆಮ್ಲಜನಕ ಒದಗಿಸುವ ಕೆಲಸದಲ್ಲಿ ಅವೂ ಪಾಲು ಹೊತ್ತವು.

ಬೆಚ್ಚನೆಯ ಕಡಲಿನ ಬಂಡೆಹವಳಗಳ ಕಥೆ ಬೇರೆ. ಅವು ಬಹುಕಾಲ ಯಾರ ಟ್ಯಾಂಕಿನಲ್ಲೂ ಬಾಳಲಿಲ್ಲ. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ವಿಧಾನವನ್ನು ವಿವರಿಸಿದರು: ಕಡಲಿನಿಂದ ತಂದ ಜೀವಂತ ಬಂಡೆ, ಬಿಸಿಲು, ಒಂದಷ್ಟು ಗಾಳಿಗುಳ್ಳೆ, ಇಷ್ಟೇ. ಬಂಡೆಯ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳೇ ನೀರನ್ನು ಶುದ್ಧಿ ಮಾಡುತ್ತವೆ ಎಂಬ ಗುಟ್ಟು ಅದರಲ್ಲಿತ್ತು. ಆಮೇಲೆ ಕೈಹಾಕಿದವರು ಜರ್ಮನರು. ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವ ಪದ್ಧತಿಯನ್ನು ಬಳಕೆಗೆ ತಂದರು. ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಬಂಡೆ, ಪ್ರಖರ ಬೆಳಕು, ಸುಣ್ಣದ ನೀರು, ಪ್ರೋಟೀನ್ ಸ್ಕಿಮ್ಮರ್ ನಾಲ್ಕನ್ನೂ ಒಟ್ಟಿಗೆ ತಂದು ಹೊಂದಿಸಿದ್ದಕ್ಕೆ ಇಂದಿಗೂ ಬರ್ಲಿನ್ ಪದ್ಧತಿ ಎಂದೇ ಹೆಸರು. ಅವರಲ್ಲೊಬ್ಬರಾದ ಡೀಟ್ರಿಶ್ ಸ್ಟ್ಯೂಬರ್ ಬೆಳೆಸಿದ ಅಕ್ರೊಪೊರಾ ಹವಳದ ತುಂಡುಗಳು ಕೈಯಿಂದ ಕೈಗೆ ದಾಟಿ ಯುರೋಪು, ಅಮೆರಿಕದ ಮನೆಮನೆಗಳಲ್ಲಿ ಬೆಳೆದವು. ಕಾಡು ಹವಳದ ಕುಡಿಯೊಂದು ತಲೆಮಾರುಗಟ್ಟಲೆ ಗಾಜಿನೊಳಗೇ ಬಾಳಬಲ್ಲದು ಎಂದು ಅದು ತೋರಿಸಿಕೊಟ್ಟಿತು.

ಸ್ಕಿಮ್ಮರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಅಷ್ಟು ಸರಳ ಯಂತ್ರ ಅದು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕಶ್ಮಲವೆಲ್ಲ ನೊರೆಯಾಗಿ ಮೇಲೆ ಬಂದು, ಅದನ್ನು ಜಾಲರಿಯಲ್ಲಿ ಎತ್ತಿ ಚೆಲ್ಲುತ್ತಾರಲ್ಲ, ಇಲ್ಲಿಯೂ ಅದೇ ಉಪಾಯ. ಒಲೆಯ ಬದಲು ಗಾಳಿ. ಎತ್ತರದ ಕೊಳವೆಯೊಳಗೆ ಕೋಟ್ಯಂತರ ಸಣ್ಣ ಗುಳ್ಳೆಗಳನ್ನು ನುಗ್ಗಿಸಿದರೆ ಮೀನಿನ ಎಂಜಲು, ಲೋಳೆ, ಕೊಳೆ ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ ಬಟ್ಟಲಿನಲ್ಲಿ ಕಂದು ದ್ರವವಾಗಿ ಸಂಗ್ರಹವಾಗುತ್ತವೆ. ಕೊಳೆತು ವಿಷವಾಗುವ ಮೊದಲೇ ಹೊರಗೆ. ಬಟ್ಟಲು ತೊಳೆಯುವವರು ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ, ಅಷ್ಟೇ.

ಈ ಕಸುಬು ಜರ್ಮನಿ, ಅಮೆರಿಕದಲ್ಲಿ ಬೆಳೆದಂತೆ ನಮ್ಮಲ್ಲಿ ಬೆಳೆಯದಿರಲು ಕಾನೂನೂ ಒಂದು ಕಾರಣ. 2001ರಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಮುರುಡೇಶ್ವರದ ಎದುರು ಕಡಲಲ್ಲಿರುವ ನೇತ್ರಾಣಿಯಲ್ಲಿ ಮುಳುಗಿ ಹವಳ ನೋಡಬಹುದು. ಒಂದು ಚೂರು ಮುರಿದು ತಂದರೆ ಅಪರಾಧ. ಹೊರದೇಶಗಳಲ್ಲೂ ಗಟ್ಟಿ ಹವಳದ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ಒಪ್ಪಂದದ ಕಡಿವಾಣವಿದೆ. ಹಾಗಾಗಿ ಇಲ್ಲಿ ಹೇಳುತ್ತಿರುವುದು ಅಮೆರಿಕದಂಥ ಕಡೆ, ಟ್ಯಾಂಕಿನಲ್ಲೇ ಬೆಳೆದ ತುಂಡುಗಳನ್ನು ಕೊಂಡು ಸಾಕುವವರ ಮನೆಯ ಮಾತು. ಅಲ್ಲಿ ನೆಲೆಸಿದ ಕನ್ನಡಿಗರ ಹಾಲ್‌ಗಳಲ್ಲೂ ಇಂಥ ನೀಲಿ ಬೆಳಕು ಈಗ ಅಪರೂಪವೇನಲ್ಲ.

ಲೆಕ್ಕಕ್ಕೆ ಬರೋಣ. ಹಳೆಯದು ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಬಂಡೆ, ಮರಳು ಕಳೆದರೆ ಹೆಚ್ಚುಕಡಿಮೆ 120 ಲೀಟರ್ ನೀರು. ಹೊಸದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಅದರ ಕೆಳಗಿನ ಸಂಪಿನ ನೀರೂ ಸೇರಿ 480 ಲೀಟರ್ ಎಂದಿಟ್ಟುಕೊಳ್ಳಿ. ಉದ್ದ ಎರಡು ಪಟ್ಟಾಯಿತು, ನೀರು ನಾಲ್ಕು ಪಟ್ಟಾಯಿತು. ದೊಡ್ಡ ಟ್ಯಾಂಕನ್ನು ಸಾಕುವುದು ಸಣ್ಣದಕ್ಕಿಂತ ಸುಲಭ ಎಂದು ಅನುಭವಿಗಳು ಹೇಳುವುದು ಈ ಲೆಕ್ಕದಿಂದಲೇ. 150 ವ್ಯಾಟ್‌ನ ಹೀಟರಿನ ಸ್ವಿಚ್ ಅಂಟಿಕೊಂಡು ಆರದೇ ಉಳಿದರೆ 120 ಲೀಟರ್ ನೀರು ಗಂಟೆಗೆ ಸುಮಾರು ಒಂದು ಡಿಗ್ರಿ ಏರುತ್ತದೆ. 480 ಲೀಟರಿಗೆ ಕಾಲು ಡಿಗ್ರಿ. ಮೊದಲನೆಯದರಲ್ಲಿ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಎರಡನೆಯದರಲ್ಲಿ ಸಂಜೆ ಬಂದು ಪ್ಲಗ್ ಕಿತ್ತರೂ ಬಚಾವು. ಬಲ್ಲವರು ದೊಡ್ಡ ಟ್ಯಾಂಕಿಗೆ ಒಂದು ದೊಡ್ಡ ಹೀಟರ್ ಹಾಕದೆ ಎರಡು ಸಣ್ಣವನ್ನು ಹಾಕುವುದೂ ಇದಕ್ಕೇ. ಒಂದು ಕೆಟ್ಟು ಉರಿಯುತ್ತಲೇ ಇದ್ದರೂ ಅದೊಂದರಿಂದ ನೀರು ಕಾದು ಹೋಗದು. ಒಂದು ಸತ್ತರೆ ಇನ್ನೊಂದು ಅಷ್ಟಿಷ್ಟು ಕಾಪಾಡುತ್ತದೆ.

ಆವಿಯಾಗುವಾಗ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಸಣ್ಣ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರ್ ಆರಿದರೆ ಸಾವಿರಕ್ಕೆ 35 ಇದ್ದ ಉಪ್ಪಿನಂಶ ಮರುದಿನ 35.6. ಶನಿವಾರ, ಭಾನುವಾರ ಊರಿಗೆ ಹೋಗಿ ಬಂದರೆ 36 ದಾಟಿರುತ್ತದೆ. ದೊಡ್ಡದರಲ್ಲಿ ಆರುವ ನೀರೂ ಹೆಚ್ಚೇ, ಮೇಲ್ಮೈ ಅಗಲವಾಯಿತಲ್ಲ. ಆದರೂ ಒಟ್ಟು ನೀರಿನ ಪಾಲಿನಲ್ಲಿ ಅದು ಕಡಿಮೆ. ಜೊತೆಗೆ ಸಂಪಿನಲ್ಲೊಂದು ಸೆನ್ಸರ್ ಇಟ್ಟರೆ ಮಟ್ಟ ಇಳಿದಾಗಲೆಲ್ಲ ಸಿಹಿನೀರು ತಾನಾಗಿ ಬಂದು ತುಂಬುತ್ತದೆ.

ನೀರು ನಾಲ್ಕು ಪಟ್ಟಾದರೆ ತೂಕವೂ ನಾಲ್ಕು ಪಟ್ಟು. ಗಾಜು, ಬಂಡೆ, ಮರಳು, ಸ್ಟ್ಯಾಂಡ್, ಸಂಪ್ ಎಲ್ಲ ಸೇರಿ 700 ಕಿಲೋ ಸಲೀಸಾಗಿ ದಾಟುತ್ತದೆ, ಅದೂ ಎಂಟು ಚದರಡಿಯ ಮೇಲೆ. ನಮ್ಮ ಕಾಂಕ್ರೀಟು ತಾರಸಿಯ ಮನೆಗಳವರಿಗೆ ಇದು ಅಷ್ಟಾಗಿ ಹೊಳೆಯದು. ಅಮೆರಿಕದ ಮನೆಗಳ ನೆಲ ಮರದ ತೊಲೆಗಳ ಮೇಲೆ ನಿಂತದ್ದು, ಚದರಡಿಗೆ 40 ಪೌಂಡ್, ಅಂದರೆ 18 ಕಿಲೋ ಲೆಕ್ಕದಲ್ಲಿ ಕಟ್ಟಿದ್ದು. ಆದ್ದರಿಂದ ಟ್ಯಾಂಕ್ ಕೊಳ್ಳುವ ಮೊದಲು ಅಲ್ಲಿನವರು ನೆಲಮಾಳಿಗೆಗೆ ಇಳಿದು, ಟಾರ್ಚ್ ಹಿಡಿದು, ತೊಲೆಗಳು ಯಾವ ದಿಕ್ಕಿಗೆ ಓಡಿವೆ ಎಂದು ನೋಡುತ್ತಾರೆ. ಟ್ಯಾಂಕಿನ ಉದ್ದ ತೊಲೆಗಳಿಗೆ ಅಡ್ಡಲಾಗಿ ಬರಬೇಕು, ಆಗ ಭಾರ ನಾಲ್ಕಾರು ತೊಲೆಗಳಿಗೆ ಹಂಚಿಹೋಗುತ್ತದೆ. ಭಾರ ಹೊರುವ ಗೋಡೆ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಕಟ್ಟಡದ ಎಂಜಿನಿಯರೊಬ್ಬರಿಗೆ ತೋರಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಗಾಜಿನ ಮೇಲಿನ ಒತ್ತಡಕ್ಕೂ ನೀರಿನ ಒಟ್ಟು ಪ್ರಮಾಣಕ್ಕೂ ಸಂಬಂಧವಿಲ್ಲ, ಆಳವಷ್ಟೇ ಲೆಕ್ಕ. ಎರಡಡಿ ಆಳದ ನೀರು ನಾಲ್ಕಡಿ ಉದ್ದದ ಮುಂಗಾಜನ್ನು ಹೊರಕ್ಕೆ ನೂಕುವ ಬಲ ಸುಮಾರು 230 ಕಿಲೋ ಭಾರಕ್ಕೆ ಸಮ. ಹಗಲೂ ರಾತ್ರಿ, ವರ್ಷಗಟ್ಟಲೆ. ಅದನ್ನು ತಡೆದು ನಿಲ್ಲಿಸಿರುವುದು ಬೆರಳ ತುದಿಯಷ್ಟು ಅಗಲದ ಸಿಲಿಕೋನ್ ಅಂಟು. ಸ್ಟ್ಯಾಂಡಿನ ಒಂದು ಮೂಲೆ ಚೂರು ತಗ್ಗಿದರೂ ಗಾಜು ತಿರುಚಿಕೊಳ್ಳುತ್ತದೆ, ಹಾಗಾಗಿ ಮಟ್ಟಗೋಲು ಇಟ್ಟು ನೋಡುವುದರಲ್ಲೇ ಅರ್ಧ ದಿನ ಕಳೆದರೂ ಯಾರೂ ಬೇಸರಿಸುವುದಿಲ್ಲ.

ನನಗೆ ಈ ಇಡೀ ಕಸುಬಿನಲ್ಲಿ ತುಂಬ ಮೆಚ್ಚಿಗೆಯಾದದ್ದು ಕೊಳಾಯಿ ಕೆಲಸ. ಸಣ್ಣ ಟ್ಯಾಂಕಿನಲ್ಲಿ ಹೀಟರ್, ಸ್ಕಿಮ್ಮರ್ ಎಲ್ಲ ಹವಳದ ಪಕ್ಕದಲ್ಲೇ ನೇತಾಡುತ್ತಿರುತ್ತವೆ. ದೊಡ್ಡದರಲ್ಲಿ ಅವೆಲ್ಲ ಕೆಳಗಿನ ಸಂಪಿಗೆ ಇಳಿಯುತ್ತವೆ. ಮೇಲಿನ ನೀರು ಅಂಚು ದಾಟಿ ಪೆಟ್ಟಿಗೆಯೊಂದಕ್ಕೆ ಬಿದ್ದು, ಪೈಪಿನಲ್ಲಿ ಕೆಳಗಿಳಿದು, ಸ್ಕಿಮ್ಮರಿನ ಕೋಣೆ ಹಾಯ್ದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಕೇಳಲು ಸರಳ. ಆದರೆ ಪಂಪು ಗಂಟೆಗೆ ಸಾವಿರಾರು ಲೀಟರ್ ಎತ್ತುತ್ತಿರುವಾಗ ಇಳಿಯುವ ಪೈಪಿಗೆ ಒಂದು ಬಸವನಹುಳು ಸಿಕ್ಕಿಕೊಂಡರೆ ಸಂಪಿನಲ್ಲಿದ್ದ ನೀರೆಲ್ಲ ಮೇಲೇರಿ, ಟ್ಯಾಂಕ್ ತುಳುಕಿ, ಹಾಲ್ ತುಂಬ ಹರಿದುಹೋಗುತ್ತದೆ. ಇದಕ್ಕೆಂದೇ ಬೀನ್‌ಅನಿಮಲ್ ಎಂಬ ಅಡ್ಡಹೆಸರಿನ ಹವ್ಯಾಸಿಯೊಬ್ಬರು ಬಳಕೆಗೆ ತಂದ ಮೂರು ಪೈಪುಗಳ ವ್ಯವಸ್ಥೆಯಿದೆ. ಮೊದಲನೆಯದು ನೀರಿನಲ್ಲಿ ಪೂರ್ತಿ ಮುಳುಗಿ, ಗಾಳಿಗೆ ಎಡೆಯಿಲ್ಲದೆ ಸೈಫನ್ ಆಗಿ ಹೆಚ್ಚಿನ ನೀರನ್ನೆಲ್ಲ ಎಳೆಯುತ್ತದೆ. ಅದರ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿ ಹರಿವನ್ನು ಹೊಂದಿಸುತ್ತಾರೆ. ಎರಡನೆಯದರ ಒಳಗೋಡೆಗಂಟಿ ಸಣ್ಣ ಧಾರೆ ಮಾತ್ರ ಇಳಿಯುತ್ತಿರುತ್ತದೆ. ಮೂರನೆಯದರ ಬಾಯಿ ಎಲ್ಲಕ್ಕಿಂತ ಮೇಲೆ, ಯಾವಾಗಲೂ ಒಣಗಿಯೇ ಇರುತ್ತದೆ. ಮೊದಲನೆಯದು ಕಟ್ಟಿಕೊಂಡರೆ ಎರಡನೆಯದು ತುಂಬಿ ಹರಿಯುತ್ತದೆ. ಎರಡೂ ಕೈಕೊಟ್ಟರೆ ಮೂರನೆಯದಕ್ಕೆ ನೀರು ಬೀಳುವ ಗಳಗಳ ಸದ್ದಿಗೆ ಮನೆಮಂದಿ ಎದ್ದು ಕೂರುತ್ತಾರೆ. ಎಲ್ಲ ಸರಿಯಿರುವಾಗ ಇಡೀ ವ್ಯವಸ್ಥೆಯಿಂದ ಸದ್ದೇ ಬರುವುದಿಲ್ಲ.

ಕರೆಂಟ್ ಹೋದಾಗ ಇನ್ನೊಂದು ಪರೀಕ್ಷೆ. ಪಂಪು ನಿಂತರೂ ಮೇಲಿನ ನೀರು ಅಂಚಿನ ಮಟ್ಟಕ್ಕೆ ಬರುವವರೆಗೆ ಇಳಿಯುತ್ತಲೇ ಇರುತ್ತದೆ. ಮೇಲಕ್ಕೆ ಏರುತ್ತಿದ್ದ ಪೈಪೂ ತಿರುಗಿ ಕೆಳಗೆ ಎಳೆಯುತ್ತದೆ. ನಾಲ್ಕಡಿಗೆ ಎರಡಡಿ ಮೇಲ್ಮೈಯಲ್ಲಿ ಒಂದಂಗುಲ ಇಳಿದರೆ 19 ಲೀಟರ್. ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇಲ್ಲವೆಂದರೆ ಅದು ನೆಲಕ್ಕೆ. ಹಾಗಾಗಿ ಒಂದು ಮೀನೂ ಬರುವ ಮೊದಲೇ ಟ್ಯಾಂಕಿಗೆ ಬರೀ ಸಿಹಿನೀರು ತುಂಬಿಸಿ, ಪಂಪು ಓಡಿಸಿ, ಬೇಕೆಂದೇ ಪ್ಲಗ್ ಎಳೆದು, ಸಂಪಿನ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಮಾರ್ಕರಿನಲ್ಲಿ ಗೆರೆ ಹಾಕುತ್ತಾರೆ. ಮತ್ತೆ ಹಾಕಿ, ಮತ್ತೆ ಎಳೆದು, ಮತ್ತೆ ನೋಡುತ್ತಾರೆ. ಕೀಲುಗಳ ಕೆಳಗೆ ಹಾಸಿದ ಪೇಪರು ಒಂದು ವಾರ ಒಣಗಿಯೇ ಇದ್ದರೆ ಆ ಪರೀಕ್ಷೆ ಪಾಸು.

ಆಮೇಲೆ ಉಪ್ಪುನೀರು. ನಲ್ಲಿ ನೀರು ಇದಕ್ಕೆ ಒಗ್ಗದು. ಅದರಲ್ಲಿ ಫಾಸ್ಫೇಟ್ ಇರಬಹುದು, ಪೈಪಿನಿಂದ ಬಂದ ತಾಮ್ರ ಇರಬಹುದು, ಮತ್ತು ತಾಮ್ರ ಹವಳ, ಸೀಗಡಿ, ಬಸವನಹುಳುಗಳಿಗೆ ನಂಜು. ಆರ್‌ಓ ಯಂತ್ರದಿಂದ ಬಂದ ನೀರನ್ನು ಮತ್ತೊಂದು ರಾಳದ ಹಂತದಲ್ಲಿ ಹಾಯಿಸಿ, ಕರಗಿದ ಲವಣದ ಮೀಟರು ಸೊನ್ನೆ ತೋರಿಸಿದ ಮೇಲಷ್ಟೇ ಅದಕ್ಕೆ ಉಪ್ಪು. 480 ಲೀಟರಿಗೆ 17 ಕಿಲೋ ಹತ್ತಿರ ಬೇಕು. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ಮೊದಲ ಗಳಿಗೆಯ ಗಾಢ ದ್ರಾವಣದಲ್ಲೇ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಕೂಡಿಕೊಂಡು ಬಿಳಿ ಗಸಿಯಾಗಿ ತಳ ಸೇರುತ್ತವೆ. ಹವಳದ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಹಳೆಯ ನೀರನ್ನು ಒಯ್ಯುವುದರಲ್ಲಿ ಅಂಥ ಪುಣ್ಯವೇನೂ ಇಲ್ಲ. ಹೊಸಬರು ಹಳೇ ನೀರಿನಲ್ಲಿ ಏನೋ ಸತ್ವವಿದೆ ಎಂದು ಬಕೆಟ್‌ಗಟ್ಟಲೆ ಹೊರುತ್ತಾರೆ. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡಿ ನಂಜು ಇಳಿಸುವ ಬ್ಯಾಕ್ಟೀರಿಯಾಗಳ ವಾಸ ಹೆಚ್ಚಾಗಿ ಬಂಡೆ ಮತ್ತು ಮರಳಿನ ಮೈಮೇಲೆ. ಬಂಡೆ ಬಂದರೆ ಅವೂ ಬಂದವು. ಹಳೆಯ ನೀರಿನ ನಿಜವಾದ ಉಪಯೋಗ ಹವಳಗಳಿಗೆ ಒಮ್ಮೆಗೇ ಬದಲಾವಣೆ ತಟ್ಟದಂತೆ ನೋಡಿಕೊಳ್ಳುವುದಷ್ಟೇ. ಹಳೆಯ ಮರಳಂತೂ ಅಪಾಯ. ವರ್ಷಗಟ್ಟಲೆ ಅದರ ತಳದಲ್ಲಿ ಕೂತ ಕೊಳೆಯನ್ನು ಕೆದಕಿ ಹೊಸ ಟ್ಯಾಂಕಿಗೆ ಸುರಿದರೆ ಅಮೋನಿಯಾ ಭುಗಿಲೇಳುತ್ತದೆ. ಹೊಸ ಮರಳು ಹಾಕಿ, ಹಳೆಯದರ ಮೇಲ್ಪದರದಿಂದ ಒಂದು ಬೊಗಸೆಯಷ್ಟನ್ನು ಬೀಜವಾಗಿ ಸೇರಿಸಿದರೆ ಸಾಕು. ದೊಡ್ಡ ಟ್ಯಾಂಕಿಗೆ ಹೆಚ್ಚುವರಿಯಾಗಿ ಬೇಕಾದ ಒಣಬಂಡೆಯನ್ನು ಮೊದಲೇ ಡ್ರಮ್ಮಿನ ಉಪ್ಪುನೀರಿನಲ್ಲಿ, ಕತ್ತಲಲ್ಲಿ, ಒಂದು ಚೂರು ಹಳೆಯ ಬಂಡೆಯ ಜೊತೆ ವಾರಗಟ್ಟಲೆ ನೆನೆಹಾಕಿ ಹದ ಮಾಡಿರುತ್ತಾರೆ.

ಸಾಗಿಸುವ ದಿನಕ್ಕೆ ಒಂದು ಕ್ರಮವಿದೆ. ಮೊದಲು ಹವಳಗಳು, ಹಳೆಯ ನೀರು ತುಂಬಿದ ಡಬ್ಬಗಳಿಗೆ. ಒಂದೊಂದರಲ್ಲೂ ಹೀಟರ್, ನೀರು ಕಲಕುವ ಸಣ್ಣ ಪಂಪು. ಆಮೇಲೆ ಬಂಡೆಗಳು. ಮೀನು ಕೊನೆಗೆ. ಬಂಡೆಯಿರುವ ಟ್ಯಾಂಕಿನಲ್ಲಿ ಮೀನು ಹಿಡಿಯಲು ಹೊರಟವರ ಪಾಡು ಹೇಳತೀರದು. ಬಂಡೆ ತೆಗೆದ ಮೇಲೆ ಅಡಗಲು ಜಾಗವಿಲ್ಲದೆ ತಾವಾಗಿ ಬಲೆಗೆ ಬರುತ್ತವೆ. ಕೈಗವಸು, ಕನ್ನಡಕ ಬೇಕೇ ಬೇಕು. ಜೊವಾಂಥಿಡ್ ಎಂಬ ಗುಂಡಿಯಾಕಾರದ, ನೋಡಲು ಬಲು ಚೆಂದದ ಜೀವಿಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಘೋರ ವಿಷ ಹೊಂದಿವೆ. ಅವು ಅಂಟಿದ ಬಂಡೆಯನ್ನು ಶುಚಿ ಮಾಡಲೆಂದು ಕುದಿಸಿ, ಆ ಹಬೆ ಕುಡಿದು ಇಡೀ ಕುಟುಂಬ ಆಸ್ಪತ್ರೆ ಸೇರಿದ್ದುಂಟು.

ಹೊಸ ನೀರು ಹಳೆಯದಕ್ಕೆ ಮೂರು ವಿಷಯದಲ್ಲಿ ತಾಳೆಯಾಗಬೇಕು: ಬಿಸಿ, ಉಪ್ಪು, ಆಲ್ಕಲಿನಿಟಿ. ಮೊದಲೆರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದೇ ಎಡವಿಸುವುದು. ಆಲ್ಕಲಿನಿಟಿ ಎಂದರೆ, ಸ್ಥೂಲವಾಗಿ, ಅಸ್ಥಿ ಕಟ್ಟಲು ನೀರಿನಲ್ಲಿ ಲಭ್ಯವಿರುವ ಕಾರ್ಬೊನೇಟಿನ ಜಾತಿಯ ಸರಕು. ಅಳೆಯುವುದು ಡಿಕೆಎಚ್ ಎಂಬ ಮಾನದಲ್ಲಿ. ಸಮುದ್ರದಲ್ಲಿ ಅದು ಏಳರ ಆಸುಪಾಸು. ಕೆಲವು ಕಂಪನಿಗಳ ಉಪ್ಪಿನಲ್ಲಿ ಹನ್ನೊಂದು, ಹನ್ನೆರಡು. ಎಂಟರಲ್ಲಿ ಬಾಳಿದ ಅಕ್ರೊಪೊರಾವನ್ನು ನೇರ ಹನ್ನೆರಡಕ್ಕೆ ಇಳಿಸಿದರೆ ಕೊಂಬೆಗಳ ತುದಿ ಸುಟ್ಟಂತೆ ಬಿಳಿಯಾಗುತ್ತದೆ. ಎಂಟು ಒಳ್ಳೆಯದೋ ಒಂಬತ್ತು ಒಳ್ಳೆಯದೋ ಎಂಬ ವಾದ ಹವ್ಯಾಸಿಗಳಲ್ಲಿ ಎಂದಿಗೂ ಮುಗಿಯದು. ಯಾವುದೇ ಆಗಲಿ, ನಿನ್ನೆ ಇದ್ದದ್ದು ಇಂದೂ ಇರಲಿ ಎನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಈ ಅಳತೆ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಸಣ್ಣ ಸೀಸೆಗೆ ನಾಲ್ಕೈದು ಮಿಲಿಲೀಟರ್ ಟ್ಯಾಂಕಿನ ನೀರು, ಎರಡು ಹನಿ ಬಣ್ಣದ ಸೂಚಕ, ನೀರು ನೀಲಿ. ಸಿರಿಂಜಿನಲ್ಲಿ ಆಮ್ಲ ತುಂಬಿ ಹನಿಹನಿಯಾಗಿ ಬಿಡುತ್ತಾ ಸೀಸೆ ಅಲ್ಲಾಡಿಸುತ್ತಾರೆ. ಹನಿ ಬಿದ್ದಲ್ಲಿ ನಸುಗೆಂಪು ಸುಳಿಯೊಂದು ಮೂಡಿ ಮಾಯವಾಗುತ್ತದೆ. ಮತ್ತೊಂದು ಹನಿ. ಸುಳಿ ಈಗ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತದೆ. ಇನ್ನೊಂದಕ್ಕೆ ಸೀಸೆಯೆಲ್ಲ ಒಮ್ಮೆಲೇ ಬಣ್ಣ ತಿರುಗುತ್ತದೆ. ಸಿರಿಂಜಿನಲ್ಲಿ ಉಳಿದದ್ದನ್ನು ಓದಿ ಪುಸ್ತಕದಲ್ಲಿ ಬರೆಯುತ್ತಾರೆ: 8.2. ಮರುದಿನ ಅದೇ ಹೊತ್ತಿಗೆ 7.9. ಆ 0.3 ಎಲ್ಲಿ ಹೋಯಿತು? ಹವಳಗಳ ಅಸ್ಥಿಗೆ. ಕಣ್ಣಿಗೆ ಏನೂ ಬೆಳೆದಂತೆ ಕಾಣದ ದಿನವೂ ಪುಸ್ತಕ ಬೆಳವಣಿಗೆಯ ಲೆಕ್ಕ ಒಪ್ಪಿಸುತ್ತದೆ. ಪ್ರತಿ 2.8 ಡಿಕೆಎಚ್ ಇಳಿದಾಗ ಲೀಟರಿಗೆ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಖರ್ಚಾಗಿರುತ್ತದೆ, ಏಕೆಂದರೆ ಎರಡೂ ಒಂದೇ ಪ್ರಮಾಣದಲ್ಲಿ ಕೂಡಿ ಸುಣ್ಣಕಲ್ಲಾಗುತ್ತವೆ.

ಟ್ಯಾಂಕ್ ಬದಲಿಸಿದವರು ಮುಗ್ಗರಿಸುವುದು ಇಲ್ಲಿಯೇ. ಹಳೆಯ 120 ಲೀಟರಿನಲ್ಲಿ ದಿನಕ್ಕೆ 1.2 ಡಿಕೆಎಚ್ ಇಳಿಯುತ್ತಿತ್ತು, ಅದನ್ನು ತುಂಬಲು ಇಂತಿಷ್ಟು ಮಿಲಿಲೀಟರ್ ದ್ರಾವಣ ಹಾಕುತ್ತಿದ್ದರು ಎನ್ನಿ. ಹೊಸದು ನಾಲ್ಕು ಪಟ್ಟು ದೊಡ್ಡದು, ಹಾಗಾದರೆ ದ್ರಾವಣವೂ ನಾಲ್ಕು ಪಟ್ಟು ಎಂದು ಕೈ ತಾನಾಗಿ ಹೋಗುತ್ತದೆ. ಟ್ಯಾಂಕ್ ದೊಡ್ಡದಾಯಿತು ನಿಜ. ಹವಳಗಳು ಅವೇ, ಅವುಗಳ ಹಸಿವೂ ಅಷ್ಟೇ. ದ್ರಾವಣ ಹಿಂದಿನಷ್ಟೇ ಸಾಕು. ಬದಲಾದದ್ದು ಇಳಿತದ ವೇಗ: ದಿನಕ್ಕೆ 1.2 ಇದ್ದದ್ದು 0.3 ಆಗಿದೆ. ಒಂದು ದಿನ ಮರೆತರೂ ಹವಳಕ್ಕೆ ತಟ್ಟುವುದು ಹಿಂದಿನ ಕಾಲು ಭಾಗ. ದೊಡ್ಡ ಟ್ಯಾಂಕಿಗೆ ಸುರಿದ ದುಡ್ಡಿಗೆ ಪ್ರತಿಯಾಗಿ ಕೈಗೆ ಬಂದದ್ದೇನು ಎಂದರೆ ಈ ಸಾವಧಾನ.

ಬೆಳಕಿನದು ಇನ್ನೊಂದು ಬಗೆಯ ತಾಳ್ಮೆ. ಎತ್ತರದ ಟ್ಯಾಂಕಿಗೆ ಬಲವಾದ ಎಲ್‌ಇಡಿ ದೀಪ ಬೇಕು, ಆದರೆ ಹವಳದೊಳಗಿನ ಪಾಚಿ ಹಳೆಯ ಮಂದ ಬೆಳಕಿಗೆ ಒಗ್ಗಿಕೊಂಡಿರುತ್ತದೆ. ಮಂದ ಬೆಳಕಿನಲ್ಲಿ ಪಾಚಿ ಹೆಚ್ಚಿ ಹವಳ ಕಂದು ಬಣ್ಣಕ್ಕೆ ತಿರುಗುತ್ತದೆ, ಹದವಾದ ಬೆಳಕಿನಲ್ಲಿ ಪಾಚಿ ಹಿತಮಿತವಾಗಿ, ಹವಳದ ಸ್ವಂತ ನೀಲಿ, ಹಸಿರು, ನೇರಳೆ ಹೊರಗೆ ಕಾಣುತ್ತದೆ, ಅತಿಯಾದರೆ ಬಿಳಿಚುತ್ತದೆ. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಇದೆ. ಮೆತ್ತನೆಯ ಹವಳಗಳಿಗೆ ನೂರರ ಆಸುಪಾಸು ಸಾಕು, ಅಕ್ರೊಪೊರಾಕ್ಕೆ 200ರಿಂದ 400. ಮೊದಲ ವಾರ ದೀಪವನ್ನು ಅರ್ಧಕ್ಕಿಂತ ಕೆಳಗಿಟ್ಟು ವಾರಕ್ಕಿಷ್ಟು ಎಂದು ಏರಿಸುತ್ತಾರೆ. ದುಬಾರಿ ದೀಪ ಕೊಂಡು ಅದನ್ನು ಪೂರ್ತಿ ಉರಿಸದೆ ತಿಂಗಳುಗಟ್ಟಲೆ ತಡೆಯುವುದಕ್ಕೆ ಮನಸ್ಸು ಗಟ್ಟಿ ಬೇಕು.

ಈ ತಡೆಯುವ ತಿಂಗಳುಗಳಲ್ಲೇ ಟ್ಯಾಂಕ್ ಅತ್ಯಂತ ಕುರೂಪವಾಗಿರುತ್ತದೆ. ಹೊಸ ಮರಳಿನ ಮೇಲೆ ಕಂದು ಡಯಾಟಮ್ ಧೂಳು, ಆಮೇಲೆ ಹಸಿರು ಕೂದಲಿನ ಪಾಚಿ, ಒಮ್ಮೊಮ್ಮೆ ಕೆಂಪು ಲೋಳೆಯ ಹೊದಿಕೆ. ನೋಡಲು ಬಂದವರ ಮುಂದೆ ಮುಜುಗರ. ಇದೆಲ್ಲ ಬಂಡೆಯ ಖಾಲಿ ಮೈಯನ್ನು ಹಿಡಿಯಲು ನಡೆಯುವ ಪೈಪೋಟಿ. ನೇರಳೆ, ಗುಲಾಬಿ ಸುಣ್ಣಪಾಚಿ ನಿಧಾನವಾಗಿ ಬಂಡೆಯನ್ನು ಆವರಿಸುತ್ತಾ ಬಂದಂತೆ ಉಳಿದವುಗಳ ಆಟ ಅಡಗುತ್ತದೆ. ಔಷಧಿ ಸುರಿದು ಬೇಗ ಮುಗಿಸಹೊರಟವರು ಸಾಮಾನ್ಯವಾಗಿ ಬ್ಯಾಕ್ಟೀರಿಯಾವನ್ನೂ ಕೊಂದುಕೊಂಡು ಮೊದಲಿನಿಂದ ಶುರುಮಾಡುತ್ತಾರೆ. ರೀಫ್ ಟ್ಯಾಂಕಿನಲ್ಲಿ ಬೇಗ ಆಗುವುದೆಲ್ಲ ಕೆಟ್ಟದ್ದೇ ಎಂಬ ಮಾತು ಈ ಹವ್ಯಾಸಿಗಳ ಬಾಯಲ್ಲಿ ಸದಾ ಇರುತ್ತದೆ.

ಹವಳಗಳನ್ನು ಎಲ್ಲಿ ಕೂರಿಸುವುದು ಎನ್ನುವಲ್ಲಿ ಕಸುಬುದಾರಿಕೆ ಎದ್ದು ಕಾಣುತ್ತದೆ. ಅನನುಭವಿ ಇಂದಿನ ಗಾತ್ರ ನೋಡಿ ಜೋಡಿಸುತ್ತಾನೆ. ಬಲ್ಲವರು ಐದು ವರ್ಷಗಳಾಚೆಯ ಗಾತ್ರ ನೋಡುತ್ತಾರೆ. ಅಕ್ರೊಪೊರಾ ಮೇಲೆ, ಬೆಳಕು ಮತ್ತು ಸೆಳವು ಎರಡೂ ಜೋರಿರುವಲ್ಲಿ. ಮೆಲ್ಲನೆ ಓಲಾಡುವ ಯೂಫಿಲಿಯಾ ಕೆಳಗೆ ಒಂದು ಬದಿಗೆ, ಸೆಳವು ಅದರ ಎಳೆಗಳನ್ನು ಯಾರ ಮೇಲೂ ಒಯ್ಯದ ಕಡೆ. ನಡುವೆ ಗೇಣಗಲದ ಬೋಳು ಬಂಡೆ. ದೊಡ್ಡ ಟ್ಯಾಂಕ್ ಕಟ್ಟಿ ಅರ್ಧ ಖಾಲಿ ಬಿಟ್ಟಿದ್ದೀರಲ್ಲ ಎಂದು ನೆಂಟರು ಕೇಳುವುದು ಖಚಿತ.

ಆ ಖಾಲಿಯೂ ಒಂದು ದಿನ ತುಂಬುತ್ತದೆ. ಆಗ ಮೊದಲ ದಾರಿಯೇ ಗತಿ, ಕತ್ತರಿ. ಕೊಂಬೆ ಹವಳಕ್ಕೆ ಮೂಳೆ ಕತ್ತರಿಸುವ ಇಕ್ಕಳ, ಗುಂಡಗಿನ ಗಟ್ಟಿ ಹವಳಕ್ಕೆ ವಜ್ರದ ಪುಡಿ ಲೇಪಿಸಿದ, ನೀರು ಹರಿಯುತ್ತಿರುವ ಗರಗಸ. ತುಂಡನ್ನು ಗಟ್ಟಿಯಾದ ಸೂಪರ್‌ಗ್ಲೂನಿಂದ ಸಣ್ಣ ಬಿಲ್ಲೆಗೆ ಅಂಟಿಸಿ ನೀರಿಗಿಳಿಸಿದರೆ ಕೆಲವು ವಾರಗಳಲ್ಲಿ ಬುಡ ಹರಡಿ ಬಿಲ್ಲೆಯನ್ನು ಹಿಡಿದುಕೊಳ್ಳುತ್ತದೆ. ಫ್ಲಾರಿಡಾದ ಮೋಟ್ ಪ್ರಯೋಗಾಲಯದಲ್ಲಿ ಡೇವಿಡ್ ವಾನ್ ಅವರ ಕೈಯಲ್ಲಿ ಆಕಸ್ಮಿಕವಾಗಿ ಮುರಿದ ಹವಳದ ಚೂರುಗಳು ನಿರೀಕ್ಷೆಗೂ ಮೀರಿ ಬೇಗ ಬೆಳೆದದ್ದರಿಂದಲೇ ಕಡಲಿನಲ್ಲಿ ಹವಳ ಮರುನೆಡುವ ಕೆಲಸಕ್ಕೆ ಹೊಸ ಉಪಾಯ ಸಿಕ್ಕಿತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ 2012ರಲ್ಲಿ ಶುರುವಾದ ಯೋಜನೆಯಲ್ಲಿ ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು ಋತುಮಾನದ ಬಿಸಿ, ಹಗಲಿನ ಉದ್ದ, ಬೆಳದಿಂಗಳ ಏರಿಳಿತಗಳನ್ನೆಲ್ಲ ಕೃತಕವಾಗಿ ಕೊಟ್ಟು, ಕಡಲಿನಿಂದ ದೂರದ ಊರಿನೊಳಗೆ ಹವಳಗಳು ಹೇಳಿದ ಹೊತ್ತಿಗೆ ಮೊಟ್ಟೆಯಿಡುವಂತೆ ಮಾಡಿದರು. ಮನೆಯ ಟ್ಯಾಂಕಿಗೂ ಆ ಪ್ರಯೋಗಾಲಯಗಳ ಟ್ಯಾಂಕಿಗೂ ಉಪಕರಣದಲ್ಲಿ ಅಂತರವಿದೆ, ವಿದ್ಯೆ ಒಂದೇ.

ಕತ್ತರಿಸಿದ ತುಂಡುಗಳಲ್ಲಿ ಕೆಲವು ಮಾರಾಟಕ್ಕೆ. ಒಂದೆರಡನ್ನು ಮಾತ್ರ ದುಡ್ಡು ತೆಗೆದುಕೊಳ್ಳದೆ ಹತ್ತಿರದ ಸ್ನೇಹಿತರ ಟ್ಯಾಂಕಿಗೆ ಒಯ್ದು ಕೊಡುವುದು ಹವ್ಯಾಸಿಗಳ ವಾಡಿಕೆ. ಉದಾರತೆಯ ಜೊತೆ ಲೆಕ್ಕಾಚಾರವೂ ಇದೆ ಅದರಲ್ಲಿ: ನಾಳೆ ಬಿರುಗಾಳಿಗೆ ಮೂರು ದಿನ ಕರೆಂಟ್ ಹೋಗಿ ತಮ್ಮ ಟ್ಯಾಂಕ್ ಮಗುಚಿಕೊಂಡರೆ, ಅದೇ ಹವಳದ ತುಂಡೊಂದನ್ನು ಆ ಮನೆಯಿಂದ ಕೇಳಿ ತರಬಹುದು.